‘ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು’

ಬಿ.ಎಡ್. ಮಾಡುತ್ತಿರುವವರ ಪಾಠಯೋಜನೆ ಪುಸ್ತಕ ಯಾರದ್ದಾದರೂ ಸರಿ, ಬಿಡಿಸಿ ನೋಡಿ. ಸ್ಕೇಲಿಟ್ಟು ಗೆರೆ ಎಳೆದ ಅಂಕಣಗಳು. ಶಿಕ್ಷಕರ ಚಟುವಟಿಕೆಯ ಅಂಕಣದಲ್ಲಿ ದುಂಡಕ್ಷರದಲ್ಲಿ ಅರ್ಧ ಪುಟ ತುಂಬಿರುತ್ತದೆ. ಅದರ ಪಕ್ಕದ ಅಂಕಣದಲ್ಲಿ ಒಂದೇ ಸಾಲು: ‘ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು.’ ಕೆಳಗೆ ಮತ್ತೆ ಅದೇ. ಅದರ ಕೆಳಗೆ, ಬೇಸರ ಕಳೆಯಲು, ‘ಆಲಿಸುವರು ಹಾಗೂ ಉತ್ತರಿಸುವರು.’ ಗಣಿತದವರಿಗೆ ಈ ಸಾಲು ಬರೆಯುವುದು ಕಷ್ಟ, ಮಕ್ಕಳು ಲೆಕ್ಕ ಮಾಡಲೇಬೇಕು. ವಿಜ್ಞಾನದವರು ಒಂದು ಬೀಕರಿನಲ್ಲಿ ಏನಾದರೂ ಕದಡಿ ತೋರಿಸುತ್ತಾರೆ. ಇತಿಹಾಸದವರಿಗೆ ಮಾತ್ರ ಈ ಸಾಲು ಸಲೀಸು. ನಡೆದದ್ದು ನಡೆದುಹೋಗಿದೆ, ನಾವು ಹೇಳಬೇಕು, ಅವರು ಕೇಳಬೇಕು, ಇನ್ನೇನಿದೆ?

ಇನ್ನೇನಿದೆ ಅನ್ನುವುದಕ್ಕೆ ಉತ್ತರ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಸಲ ಶಾಲೆಯ ಕಾಂಪೌಂಡಿನ ಆಚೆಗೇ ನಿಂತಿರುತ್ತದೆ. ಕೆರೆ ಏರಿಯ ಮೇಲಿನ ವೀರಗಲ್ಲು, ಕೋಲಾರಮ್ಮನ ಗುಡಿಯ ಗೋಡೆಯ ಮೇಲಿನ ತಮಿಳು ಅಕ್ಷರ, ನಂದಿಯ ಬೆಟ್ಟದ ಕೋಟೆ. ಈ ಜಿಲ್ಲೆಗಳಲ್ಲಿ ಇಂಟರ್ನ್‌ಶಿಪ್ಪಿಗೆ ಹೋಗುವ ಇತಿಹಾಸದ ಪ್ರಶಿಕ್ಷಣಾರ್ಥಿಗಳಿಗೆ ಎರಡನೇ ಅಂಕಣವನ್ನು ಹೇಗೆ ತುಂಬಿಸಬಹುದು ಎಂಬುದಷ್ಟೇ ಈ ಬರಹದ ವಿಷಯ. ಮೊದಲನೆಯ ಅಂಕಣದ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ.

ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯ ಅನುಭವಕ್ಕೆ 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ಅದಕ್ಕೆ ಮುಂಚೆ ಕಾಲೇಜಿನಲ್ಲೇ ಸೂಕ್ಷ್ಮ ಬೋಧನೆ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಯೋಜನೆ ತಿದ್ದುವುದು, ಮತ್ತೆ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ. ಒಟ್ಟು 36 ನಿಮಿಷದ ಸುತ್ತು. ಕಪ್ಪುಹಲಗೆ ಬಳಸುವುದು, ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು ಹೀಗೆ ಒಂದೊಂದೇ ಕೌಶಲಕ್ಕೆ ಇದು ಒಳ್ಳೆಯ ಅಭ್ಯಾಸವೇ. ತೊಂದರೆ ಎಲ್ಲಿ ಅಂದರೆ, ಎದುರಿಗೆ ಕೂತವರು ಜೊತೆಯ ಪ್ರಶಿಕ್ಷಣಾರ್ಥಿಗಳು. ಅವರಿಗೆ ಉತ್ತರ ಗೊತ್ತು, ಗೊತ್ತಿಲ್ಲದಂತೆ ನಟಿಸಿ ಸರಿಯಾದ ಸಮಯಕ್ಕೆ ಸರಿಯಾದ ಉತ್ತರ ಕೊಡುತ್ತಾರೆ. ಎಂಟನೇ ತರಗತಿಯ ಮಕ್ಕಳು ಅಷ್ಟು ಸೌಜನ್ಯ ತೋರಿಸುವುದಿಲ್ಲ.

ಶಾಲೆಯಲ್ಲಿ ಸಿಗುವುದೂ ಹೆಚ್ಚಾಗಿ ಎಂಟು, ಒಂಬತ್ತನೇ ತರಗತಿಗಳೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯಕ್ಕೆ ಹತ್ತನೇ ತರಗತಿಯನ್ನು ಬಿಟ್ಟುಕೊಡಲು ಮುಖ್ಯ ಶಿಕ್ಷಕರು ಹಿಂದೆ ಮುಂದೆ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಎಂಟನೇ ತರಗತಿಯಲ್ಲಿ ಗಂಗರು ಬರುತ್ತಾರೆ, ಕೋಲಾರದಲ್ಲಿ ಕಲಿಸುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಮೊದಲ ವಾರ ವೀಕ್ಷಣೆ. ಮಾರ್ಗದರ್ಶಿ ಶಿಕ್ಷಕರು ಪಾಠ ಮಾಡುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಬಹಳ ಜನ ಶಿಕ್ಷಕರನ್ನು ನೋಡುತ್ತಾರೆ. ನೋಡಬೇಕಾದದ್ದು ಬೆಂಚುಗಳನ್ನು. ಒಂದು ಹಾಳೆಯಲ್ಲಿ ಕೊಠಡಿಯ ನಕ್ಷೆ ಬರೆದುಕೊಳ್ಳಿ, ಮಗುವಿಗೊಂದು ಚೌಕ. ಯಾರು ತಾವಾಗಿ ಮಾತಾಡಿದರೋ ಆ ಚೌಕದಲ್ಲಿ ಒಂದು ಗೆರೆ, ಕೇಳಿದಾಗ ಮಾತಾಡಿದರೆ ಚುಕ್ಕಿ. ಎಲ್ಲರೂ ಒಟ್ಟಿಗೆ ಕೂಗಿದ್ದನ್ನು ಎಣಿಸಬೇಡಿ. ಮೂರು ದಿನ ಹೀಗೆ ಮಾಡಿದರೆ ಗೆರೆಗಳೆಲ್ಲ ಐದಾರು ಚೌಕಗಳಲ್ಲೇ ತುಂಬಿಕೊಂಡಿರುವುದು ಕಾಣುತ್ತದೆ. ಖಾಲಿ ಚೌಕದವರ ಹೆಸರನ್ನು ಕಲಿತುಕೊಂಡು ಮುಂದಿನ ವಾರಕ್ಕೆ ಹೋಗಿ. ಜಾಣರ ಹೆಸರು ತಾನಾಗಿಯೇ ಬಾಯಿಗೆ ಬರುತ್ತದೆ.

ಎಲ್ಲರೂ ಒಟ್ಟಿಗೆ ಕೂಗುವುದು ಅಂದೆನಲ್ಲ, ಅದು ನಮ್ಮ ಇತಿಹಾಸ ತರಗತಿಯ ಹಳೆಯ ಕಾಯಿಲೆ. ‘ಗಂಗರು ಕೋಲಾರದಿಂದ ರಾಜಧಾನಿಯನ್ನು ಎಲ್ಲಿಗೆ ಸಾಗಿಸಿದರು? ತಲ...’ ಎಂದು ಶಿಕ್ಷಕರು ಎಳೆದರೆ, ‘ಕಾಡೂ’ ಎಂದು ನಲವತ್ತು ಗಂಟಲು. ಕೇಳಲು ಹಬ್ಬದಂತಿರುತ್ತದೆ, ಹಿಂದೆ ಕೂತ ಮೇಲ್ವಿಚಾರಕರು ‘ವಿದ್ಯಾರ್ಥಿಗಳ ಸ್ಪಂದನೆ ಉತ್ತಮ’ ಎಂದು ಬರೆದುಕೊಳ್ಳುತ್ತಾರೆ. ಆದರೆ ‘ಕಾಡೂ’ ಅಂದವರಲ್ಲಿ ಎಷ್ಟು ಜನಕ್ಕೆ ತಲಕಾಡು ಯಾವ ದಿಕ್ಕಿನಲ್ಲಿದೆ ಎಂದು ಗೊತ್ತು? ಅರ್ಧ ಪದ ಎಳೆಯುವುದನ್ನು ನಿಲ್ಲಿಸುವುದಕ್ಕೇ ಎರಡು ವಾರ ಬೇಕಾಗುತ್ತದೆ. ಪ್ರಶ್ನೆ ಕೇಳಿ, ಬಾಯಿ ಮುಚ್ಚಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಒಬ್ಬರ ಹೆಸರು ಹೇಳಿ. ಹೆಸರು ಮೊದಲು ಹೇಳಿ ಪ್ರಶ್ನೆ ಆಮೇಲೆ ಕೇಳಿದರೆ ಉಳಿದ 39 ಮಂದಿಗೆ ರಜೆ ಕೊಟ್ಟಂತೆ. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಮೂರು ಸೆಕೆಂಡು ಏನು ಮಹಾ ಅನ್ನಿಸಬಹುದು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತವರಿಗೆ ಅದು ಒಂದು ಯುಗ.

ಈಗ ಗಂಗರ ಪಾಠಕ್ಕೇ ಬರೋಣ. ರೂಢಿಯ ಪೀಠಿಕೆ ಹೀಗಿರುತ್ತದೆ: ‘ನಮ್ಮ ರಾಜ್ಯ ಯಾವುದು? ನಮ್ಮ ಜಿಲ್ಲೆ ಯಾವುದು? ಈ ಜಿಲ್ಲೆಯನ್ನು ಹಿಂದೆ ಯಾರು ಆಳಿದರು? ಹಾಗಾದರೆ ಇಂದು ನಾವು ಗಂಗರ ಬಗ್ಗೆ ತಿಳಿಯೋಣ.’ ಎರಡನೇ ಪ್ರಶ್ನೆಯಿಂದ ಮೂರನೆಯದಕ್ಕೆ ಸಾವಿರದೈನೂರು ವರ್ಷದ ಜಿಗಿತ, ಮಕ್ಕಳು ಅಲ್ಲೇ ಉಳಿಯುತ್ತಾರೆ. ಅದರ ಬದಲು ಇಡೀ ಅವಧಿಗೆ ಒಂದೇ ಪ್ರಶ್ನೆ ಸಾಕು: ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ನಮ್ಮ ಕೋಲಾರ. ಇದನ್ನು ಬಿಟ್ಟು ಅವರು ತಲಕಾಡಿಗೆ ಯಾಕೆ ಹೋದರು?

ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹಾಜರಿಗೂ ಹಿಂದಿನ ವಿಷಯದ ಪುಸ್ತಕ ಒಳಗಿಡುವುದಕ್ಕೂ 5 ನಿಮಿಷ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದ ಪಾಠಯೋಜನೆ ಕಡೆಗೆ ಬೆಲ್ಲಿನ ಕೈಗೆ ಸಿಕ್ಕಿಬೀಳುತ್ತದೆ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ನಕ್ಷೆ ಹಂಚಲು 4 ನಿಮಿಷ. ನಕ್ಷೆಯಲ್ಲಿ ಇರಬೇಕಾದದ್ದು ಕೋಲಾರ, ತಲಕಾಡು, ಕಂಚಿ, ಜೊತೆಗೆ ಕಾವೇರಿ, ಪಾಲಾರ್ ನದಿಗಳು, ಅಷ್ಟೇ. ಇಬ್ಬಿಬ್ಬರು ಸೇರಿ ಸ್ಕೇಲಿನಲ್ಲಿ ದೂರ ಅಳೆಯಲು 8 ನಿಮಿಷ. ಕಂಚಿಯಿಂದ ಕೋಲಾರ ನೇರ ಗೆರೆಯಲ್ಲಿ ಸುಮಾರು 170 ಕಿ.ಮೀ., ತಲಕಾಡು ಸುಮಾರು 300 ಕಿ.ಮೀ. ಒಂದು ಸೆಂಟಿಮೀಟರಿಗೆ 25 ಕಿ.ಮೀ. ಎಂದು ಹಿಡಿದರೆ ಒಂದು 6.8 ಸೆಂ.ಮೀ., ಇನ್ನೊಂದು 12. ನಂತರ 8 ನಿಮಿಷ ಶಿಕ್ಷಕರ ಮಾತು: ಕಂಚಿಯಲ್ಲಿದ್ದ ಪಲ್ಲವರು ಯಾರು, ನಮ್ಮ ಕಡೆ ಹುಟ್ಟಿದ ಪಾಲಾರ್ ಹರಿದು ಯಾರ ಸೀಮೆಗೆ ಹೋಗುತ್ತದೆ, ಕಾವೇರಿ ದಡದ ನೆಲಕ್ಕೂ ನಮ್ಮ ಬಯಲಿಗೂ ಏನು ವ್ಯತ್ಯಾಸ. ಆಮೇಲೆ ನಾಲ್ವರ ಗುಂಪಿನಲ್ಲಿ ಒಂದೊಂದು ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಲು 8 ನಿಮಿಷ, ಬೋರ್ಡಿನ ಮೇಲೆ ಅವನ್ನು ವಿಂಗಡಿಸಲು 4, ಮಕ್ಕಳು ಪುಸ್ತಕಕ್ಕೆ ಬರೆದುಕೊಳ್ಳಲು 3.

ಇದರಲ್ಲಿ ಕೈಕೊಡುವ ಜಾಗಗಳು ಎರಡು. ಮೊದಲನೆಯದು ಜೆರಾಕ್ಸ್. ನಕ್ಷೆಯ ಕೆಳಗೆ ‘1 ಸೆಂ.ಮೀ. = 25 ಕಿ.ಮೀ.’ ಎಂದು ಬರೆದು ಅಂಗಡಿಗೆ ಕೊಟ್ಟರೆ, ಅವರು ಹಾಳೆ ತುಂಬ ಬರಲಿ ಎಂದು ಹಿಗ್ಗಿಸಿಬಿಡುತ್ತಾರೆ. ಕೋಲಾರ ಕಂಚಿಯಿಂದ ಇನ್ನೂ 40 ಕಿ.ಮೀ. ದೂರ ಓಡಿರುತ್ತದೆ. ಹಾಗಾಗಿ ಅಕ್ಷರದಲ್ಲಿ ಬರೆಯುವ ಬದಲು ನಕ್ಷೆಯೊಳಗೇ 100 ಕಿ.ಮೀ.ಗೆ ಒಂದು ಗೆರೆ ಎಳೆದಿಡಬೇಕು, ನಕ್ಷೆ ಹಿಗ್ಗಿದಾಗ ಅದೂ ಹಿಗ್ಗುತ್ತದೆ. ಎರಡನೆಯದು ಉತ್ತರದ ಆಸೆ. ಮಕ್ಕಳು ಬರೆದ ಕಾರಣಗಳಲ್ಲಿ ಪಲ್ಲವರ ಭಯವೂ ಇರುತ್ತದೆ, ನೀರೂ ಇರುತ್ತದೆ, ‘ಇಲ್ಲಿ ಮಳೆ ಬರಲ್ಲ ಮಿಸ್’ ಎನ್ನುವ ಇವತ್ತಿನ ಕೋಲಾರವೂ ಇರುತ್ತದೆ. ಎಲ್ಲವೂ ಊಹೆ. ಬೋರ್ಡಿನ ಮೇಲೆ ಎರಡು ಭಾಗ ಮಾಡಿ, ಒಂದಕ್ಕೆ ‘ಗೊತ್ತಿರುವುದು’, ಇನ್ನೊಂದಕ್ಕೆ ‘ನಮ್ಮ ಊಹೆ’ ಎಂದು ಹೆಸರಿಟ್ಟು ಬರೆದರೆ ಅಲ್ಲಿಗೆ ಇತಿಹಾಸದ ಪಾಠ ನಡೆದಂತಾಯಿತು. ಊಹೆಯನ್ನೇ ಟಿಪ್ಪಣಿ ಬರೆಸಿದರೆ ಅದು ಪರೀಕ್ಷೆಯಲ್ಲಿ ಸತ್ಯವಾಗಿ ವಾಪಸ್ ಬರುತ್ತದೆ.

ಇಸವಿಗಳ ಕಾಟಕ್ಕೆ ಒಂದು ಹುರಿ ಸಾಕು. ನಾಲ್ಕು ಮೀಟರ್ ಸೆಣಬಿನ ಹುರಿ, ಇಪ್ಪತ್ತು ಬಟ್ಟೆ ಕ್ಲಿಪ್ಪು. ಒಂದು ಸೆಂಟಿಮೀಟರಿಗೆ 4 ವರ್ಷ. ಎಡತುದಿ ಕ್ರಿ.ಪೂ. 300, ಬಲತುದಿ ಕ್ರಿ.ಶ. 1300. ಎಂಟನೇ ತರಗತಿಯ ಭಾರತದ ರಾಜವಂಶಗಳೆಲ್ಲ ಬಹುಪಾಲು ಇದರೊಳಗೆ ಬರುತ್ತವೆ. 25 ಸೆಂ.ಮೀ.ಗೆ ಒಂದು ಶತಮಾನ. ಅಲ್ಲಿ ಗಂಟು ಹಾಕಬೇಡಿ, ಹದಿನೈದು ಗಂಟು ಹಾಕುವ ಹೊತ್ತಿಗೆ ಹುರಿ ಒಂದು ಅಡಿ ಗಿಡ್ಡವಾಗಿ ಕಡೆಯ ಶತಮಾನಗಳಿಗೆ ಜಾಗವೇ ಇರುವುದಿಲ್ಲ. ಬಣ್ಣದ ದಾರ ಸುತ್ತಿ. ನೈಲಾನ್ ಹಗ್ಗ ಬೇಡ, ಎಳೆದು ಕಟ್ಟಿದರೆ ಹಿಗ್ಗುತ್ತದೆ. ಎಡದಿಂದ 75 ಸೆಂ.ಮೀ.ನಲ್ಲಿ ಕ್ರಿ.ಪೂ. ಮುಗಿದು ಕ್ರಿ.ಶ. ಶುರು. ಅಶೋಕನ ಬ್ರಹ್ಮಗಿರಿ ಶಾಸನ ಎಡತುದಿಗೆ ಹತ್ತಿರ, ಸುಮಾರು 10 ಸೆಂ.ಮೀ.ನಲ್ಲಿ. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಹಲ್ಮಿಡಿ ಶಾಸನ 187ರ ಆಸುಪಾಸು. 634ರ ಐಹೊಳೆ ಶಾಸನ 233. 949ರ ತಕ್ಕೋಲಂ ಯುದ್ಧ 312.

ಕ್ಲಿಪ್ಪುಗಳನ್ನು ಶಿಕ್ಷಕರೇ ಸಿಕ್ಕಿಸಿದರೆ ಅದು ಇನ್ನೊಂದು ಚಾರ್ಟು, ಅಷ್ಟೇ. ಚೀಟಿಗಳನ್ನು ಮಕ್ಕಳ ಕೈಗೆ ಕೊಟ್ಟು ಅವರೇ ಲೆಕ್ಕ ಹಾಕಿ ಸಿಕ್ಕಿಸಬೇಕು. ಆಗ ಎರಡು ತಪ್ಪು ಕಣ್ಣೆದುರೇ ಬರುತ್ತವೆ. ಕ್ರಿ.ಪೂ. 260 ಅನ್ನುವುದು ಕ್ರಿ.ಪೂ. 100ಕ್ಕಿಂತ ಆಮೇಲಿನದು ಎಂದು ಬಲಕ್ಕೆ ಸಿಕ್ಕಿಸುತ್ತಾರೆ. 634ನ್ನು ‘ಆರನೇ ಶತಮಾನ’ ಅನ್ನುತ್ತಾರೆ. ಎರಡನ್ನೂ ಬಾಯಲ್ಲಿ ಎಷ್ಟು ಸಲ ಹೇಳಿದರೂ ಹೋಗದ ತಪ್ಪುಗಳು ಇವು, ಹುರಿಯ ಮೇಲೆ ಅವರೇ ತಿದ್ದಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ: ಅಶೋಕನಿಗೂ ಹಲ್ಮಿಡಿಗೂ ನಡುವಿನ ಒಂದೂಮುಕ್ಕಾಲು ಮೀಟರ್ ಹುರಿ. ಅಲ್ಲಿ ಕ್ಲಿಪ್ಪುಗಳು ವಿರಳ. ‘ಅಲ್ಲಿ ಏನೂ ನಡೀಲಿಲ್ವಾ ಸಾರ್?’ ಎಂದು ಯಾವುದೋ ಮೂಲೆಯಿಂದ ಬರುತ್ತದೆ. ಬಂದ ದಿನ ಪಾಠಯೋಜನೆ ಪಕ್ಕಕ್ಕಿಟ್ಟು ಆ ಪ್ರಶ್ನೆಯ ಹಿಂದೆ ಹೋಗುವ ಧೈರ್ಯ ಬೇಕು. ಏನೂ ನಡೆಯಲಿಲ್ಲವೋ, ನಡೆದದ್ದು ನಮ್ಮ ಪುಸ್ತಕದಲ್ಲಿ ಇಲ್ಲವೋ?

ಕಲ್ಲಿನ ಹತ್ತಿರ ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು, ಆದರೆ ತಯಾರಿ ದುಪ್ಪಟ್ಟು. ಊರಿನ ಶಾಸನ ಪ್ರಕಟವಾಗಿದೆಯೇ ಎಂದು ನೋಡಲು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ, 1905ರದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿಯವರೂ ಹುಡುಕಬೇಕಾದದ್ದು ಆ ಕೋಲಾರ ಸಂಪುಟದಲ್ಲೇ. ತುಮಕೂರಿನವರಿಗೆ 12ನೇ ಸಂಪುಟ. ಒಳಗೆ ತಾಲ್ಲೂಕುವಾರು ಸಂಖ್ಯೆ ಇರುತ್ತದೆ, ಮೂಲಪಾಠವೂ ಇಂಗ್ಲಿಷ್ ಅನುವಾದವೂ ಇರುತ್ತವೆ. ಮಕ್ಕಳಿಗೆ ಆರು ಸಾಲಿಗಿಂತ ಹೆಚ್ಚು ಕೊಡಬೇಡಿ. ನಾಲ್ವರಿಗೆ ಒಂದು ಪ್ರತಿ, 40 ಮಕ್ಕಳಿಗೆ 10. ಒಬ್ಬರಿಗೊಂದು ಕೊಟ್ಟರೆ ಮಾತು ಹುಟ್ಟುವುದಿಲ್ಲ, ಹತ್ತು ಮಂದಿಗೊಂದು ಕೊಟ್ಟರೆ ಇಬ್ಬರು ಓದುತ್ತಾರೆ, ಎಂಟು ಜನ ಜಗಳವಾಡುತ್ತಾರೆ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಎಷ್ಟೋ ಕಲ್ಲುಗಳಲ್ಲಿ ತುದಿಗೆ ಸೂರ್ಯ ಚಂದ್ರ. ಓದುವುದು ಕೆಳಗಿನಿಂದ ಮೇಲಕ್ಕೆ. ಮಕ್ಕಳು ಅಭ್ಯಾಸಬಲದಿಂದ ಮೇಲಿಂದ ಓದಿ, ಪೂಜೆ ಮಾಡಿ ಯುದ್ಧಕ್ಕೆ ಹೋದ ಎಂದು ಕಥೆ ಕಟ್ಟುತ್ತಾರೆ. ಕಟ್ಟಲಿ, ಆಮೇಲೆ ನಡುವಿನ ಪಟ್ಟಿಕೆ ಆ ಕಥೆಗೆ ಹೊಂದುತ್ತದೆಯೇ ಎಂದು ಕೇಳಿದರೆ ಅವರೇ ತಿರುಗಿಸಿಕೊಳ್ಳುತ್ತಾರೆ. ಶಾಸನದಲ್ಲಿ ‘ತುರು’ ಎಂಬ ಪದ ಇದ್ದರೆ ಅದು ದನ, ಆ ವೀರ ಸತ್ತದ್ದು ದನ ಬಿಡಿಸಿಕೊಳ್ಳುವ ಜಗಳದಲ್ಲಿ. ರಾಜನಿಗಾಗಿ ಸತ್ತ ಎಂದು ಪುಸ್ತಕದ ಭಾಷೆಯಲ್ಲಿ ಹೇಳಿದಾಗ ಸುಮ್ಮನಿದ್ದ ಹುಡುಗರು ದನ ಅಂದ ಕೂಡಲೇ ಹತ್ತಿರ ಬರುತ್ತಾರೆ.

ಅಕ್ಷರ ಕಾಣಲಿ ಎಂದು ಕಲ್ಲಿಗೆ ಸೀಮೆಸುಣ್ಣ ಉಜ್ಜುವುದು, ಎಣ್ಣೆ ಅರಿಶಿನ ಬಳಿಯುವುದು ಬೇಡವೇ ಬೇಡ. ಬೆಳಕು ಅಡ್ಡಲಾಗಿ ಬಿದ್ದಾಗ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಇಲ್ಲವೇ ಸಂಜೆ ಐದರ ಹೊತ್ತಿಗೆ ಹೋಗಿ ಫೋಟೊ ತೆಗೆದಿಟ್ಟುಕೊಂಡಿರಿ. ಮಕ್ಕಳು ಬರುವುದು ಮಧ್ಯಾಹ್ನದ ಪೀರಿಯಡ್ಡಿನಲ್ಲಿ, ಆಗ ನೆತ್ತಿಯ ಮೇಲಿನ ಬಿಸಿಲಿಗೆ ಏನೂ ಕಾಣುವುದಿಲ್ಲ. ಒಂದು ಬೆಡ್‌ಶೀಟ್ ಅಡ್ಡ ಹಿಡಿದು ನೆರಳು ಮಾಡಿ, ಮೊಬೈಲಿನ ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಕೆಲಸ ನಡೆಯುತ್ತದೆ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಪೂಜಾರಿಯನ್ನೋ ಊರ ಹಿರಿಯರನ್ನೋ ಹಿಂದಿನ ದಿನವೇ ಕೇಳಿಕೊಳ್ಳಬೇಕು. ಎರಡು ಪೀರಿಯಡ್ ಜೋಡಿಸಿ ಕೊಡಿ ಎಂದು ಮುಖ್ಯ ಶಿಕ್ಷಕರನ್ನು ಕೇಳುವುದು ವಾರದ ಮುಂಚೆ. ದಿನ ಗೊತ್ತುಮಾಡುವಾಗ ಶಿಡ್ಲಘಟ್ಟ, ಚಿಂತಾಮಣಿ ಕಡೆ ಇನ್ನೊಂದು ವಿಚಾರಣೆಯೂ ಬೇಕು. ಹಣ್ಣಾದ ರೇಷ್ಮೆ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಡುವ ದಿನ ಆ ಮನೆಯ ಮಕ್ಕಳು ಶಾಲೆಗೆ ಬರುವುದು ಅನುಮಾನ.

ಭಾಷೆಯದ್ದು ಸಣ್ಣ ವಿಷಯವಲ್ಲ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಎಲ್ಲ ಪಟ್ಟಣಗಳಲ್ಲೂ ಉರ್ದು. ‘ಸಾಮಂತ’, ‘ದತ್ತಿ’, ‘ಸಹಾಯಕ ಸೈನ್ಯ ಪದ್ಧತಿ’ ಇವು ಕನ್ನಡ ಮನೆಮಾತಿನ ಮಕ್ಕಳಿಗೂ ಅರ್ಧ ಪರಭಾಷೆಯೇ. ಗುಂಪಿನಲ್ಲಿ ಮಾತಾಡುವಾಗ ತೆಲುಗಿನಲ್ಲಿ ಮಾತಾಡಿಕೊಳ್ಳಲಿ, ಬರೆಯುವುದು ಕನ್ನಡದಲ್ಲಿ. ಗುಂಪಿನಿಂದ ಬರುವ ಸದ್ದಿಗೆ ಹೆದರಿ ‘ಕನ್ನಡದಲ್ಲಿ ಮಾತಾಡಿ’ ಎಂದು ಗದರಿದರೆ ಕನ್ನಡವೂ ಬರುವುದಿಲ್ಲ, ಮಾತೂ ಬರುವುದಿಲ್ಲ. ಅವಧಿಗೆ ಹೊಸ ಪದ ನಾಲ್ಕಕ್ಕಿಂತ ಹೆಚ್ಚು ಬೇಡ. ಅವು ಬೋರ್ಡಿನ ಎಡಭಾಗದಲ್ಲಿ ಅಳಿಸದೆ ಉಳಿಯಲಿ, ಅಕ್ಷರ ಎರಡೂವರೆ ಅಂಗುಲ ಇರಲಿ. ಮುಂಚಿತವಾಗಿ ಒಮ್ಮೆ ಬರೆದು ಹಿಂದಿನ ಬೆಂಚಿಗೆ ಹೋಗಿ ಒತ್ತಕ್ಷರ ಕಾಣುತ್ತದೆಯೇ ನೋಡಿ, ಬಹಳ ಸಲ ಕಾಣುವುದಿಲ್ಲ.

ಹತ್ತನೇ ತರಗತಿ ಸಿಕ್ಕವರಿಗೆ ವಿದುರಾಶ್ವತ್ಥ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ಆ ಊರಿನಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದವರ ಮೇಲೆ ಗುಂಡು ಹಾರಿತು. ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದೂ ಅದೇ ತಿಂಗಳು. ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಎಂದರೆ, ಪಾಠ ಮಾಡುವವರೇ ‘ಬ್ರಿಟಿಷರು ಗುಂಡು ಹಾರಿಸಿದರು’ ಎಂದುಬಿಡುತ್ತಾರೆ. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಗೌರಿಬಿದನೂರು ಆಗ ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿತ್ತು, ದಿವಾನರು ಮಿರ್ಜಾ ಇಸ್ಮಾಯಿಲ್. ಇದನ್ನು ಸರಿಯಾಗಿ ಹೇಳಿದ ಕ್ಷಣ ಪಾಠ ಕಷ್ಟವಾಗುತ್ತದೆ. ಕಾರ್ಖಾನೆ, ಅಣೆಕಟ್ಟು, ವಿದ್ಯುತ್ತು ಎಂದು ಹಿಂದಿನ ಪಾಠದಲ್ಲಿ ಹೊಗಳಿಸಿಕೊಂಡ ‘ಮಾದರಿ ಮೈಸೂರು’ ತನ್ನ ಜನರ ಮೇಲೆಯೇ ಯಾಕೆ ಗುಂಡು ಹಾರಿಸಿತು? ಆಮೇಲೆ ಪಟೇಲರೂ ಕೃಪಲಾನಿಯವರೂ ಬಂದು ದಿವಾನರ ಜೊತೆ ಮಾತಾಡಿದ್ದು, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದವಾದದ್ದು ಯಾಕೆ ಎಂಬುದೂ ಆಗಲೇ ಅರ್ಥವಾಗುವುದು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಿಲ್ಲ. ಒಂದನ್ನು ಆರಿಸಿ ಬರೆಸಬೇಡಿ, ಎರಡೂ ಲೆಕ್ಕ ಬೋರ್ಡಿಗೆ ಬರಲಿ, ಯಾರು ಯಾವಾಗ ಎಣಿಸಿದರು ಎಂಬ ಪ್ರಶ್ನೆಯೂ ಪಕ್ಕದಲ್ಲಿರಲಿ.

ಟಿಪ್ಪುವಿನ ಪಾಠದಲ್ಲೂ ಇದೇ ಉಪಾಯ ಕೈಹಿಡಿಯುತ್ತದೆ. ಮಕ್ಕಳು ಮನೆಯಿಂದಲೂ ಮೊಬೈಲಿನಿಂದಲೂ ಮಾತು ಹೊತ್ತುಕೊಂಡೇ ಬಂದಿರುತ್ತಾರೆ. ಗದರಿಸುವುದೂ ಬೇಡ, ತಲೆದೂಗುವುದೂ ಬೇಡ. ‘ಇದನ್ನು ಹೇಳಿದ್ದು ಯಾರು, ಯಾವಾಗ?’ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು, 1792ರ ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳ ಮೇಲೆ ಕೂರಿಸಿ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ. ಅದಕ್ಕೆ ಮುಂಚೆ ಕಾರ್ನ್‌ವಾಲಿಸ್ 1791ರ ಮೇನಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿ ವಾಪಸಾದ, ಅಕ್ಟೋಬರಿನಲ್ಲಿ ನಂದಿದುರ್ಗ ಹಿಡಿದ. ರಾಜಧಾನಿ ಬಿಟ್ಟು ಈ ಬೆಟ್ಟ ಯಾಕೆ ಬೇಕಾಯಿತು? ಚಿಕ್ಕಬಳ್ಳಾಪುರದ ಮಕ್ಕಳಿಗೆ ಬೆಟ್ಟ ಕಿಟಕಿಯಲ್ಲೇ ಕಾಣುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ, ನಿಜಾಮನ ಸೀಮೆಯ ಕಡೆಗೆ ಹೋಗುವ ದಾರಿಯನ್ನು ಬೆರಳಿಟ್ಟು ತೋರಿಸಲು ಹೇಳಿ, ದಂಡಿಗೆ ದವಸ ಎಲ್ಲಿಂದ ಬರಬೇಕು ಎಂದು ಕೇಳಿದರೆ ಸಾಕು.

ಘಟಕ ಪರೀಕ್ಷೆಯ ನೀಲನಕ್ಷೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ, ಕಾಲೇಜಿನಲ್ಲಿ ಅದನ್ನು ಚೆನ್ನಾಗಿಯೇ ಕಲಿಸುತ್ತಾರೆ. 25 ಅಂಕದಲ್ಲಿ ನಾಲ್ಕು ಅಂಕಕ್ಕಾದರೂ ಮಕ್ಕಳು ಮೊದಲು ನೋಡಿರದ ನಾಲ್ಕು ಸಾಲಿನ ಆಧಾರವೊಂದನ್ನು ಕೊಟ್ಟು ಪ್ರಶ್ನೆ ಕೇಳಿ. ‘ಕಾರಣಗಳಾವುವು?’ ಎಂದು ಕೇಳಿದರೆ ಬರುವುದು ಟಿಪ್ಪಣಿಯ ನಕಲು. ‘ಈ ನಾಲ್ಕು ಕಾರಣಗಳಲ್ಲಿ ಯಾವುದು ಇಲ್ಲದಿದ್ದರೂ ಯುದ್ಧ ನಡೆಯುತ್ತಿತ್ತು?’ ಎಂದರೆ ತಪ್ಪು ಉತ್ತರವೂ ಓದಲು ಯೋಗ್ಯವಾಗಿರುತ್ತದೆ.

ಕೊನೆಗೆ ಪ್ರತಿಫಲನ ದಿನಚರಿ. ‘ಇಂದಿನ ಪಾಠ ಚೆನ್ನಾಗಿ ಮೂಡಿಬಂದಿತು. ಸಮಯ ಸಾಲಲಿಲ್ಲ. ವಿದ್ಯಾರ್ಥಿಗಳು ಆಸಕ್ತಿಯಿಂದ ಭಾಗವಹಿಸಿದರು.’ ರಾತ್ರಿ ಕೂತು ಒಂದೇ ಸಲ ಐದು ದಿನದ್ದು ಬರೆದರೆ ಇದಕ್ಕಿಂತ ಬೇರೇನೂ ಬರುವುದಿಲ್ಲ. ಪಾಠ ಮುಗಿದ ಮುಂದಿನ ಬಿಡುವಿನ ಪೀರಿಯಡ್ಡಿನಲ್ಲೇ, ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಮೂರನ್ನು ಬರೆದಿಡಬೇಕು: ಮಕ್ಕಳು ಕೊಟ್ಟ ಎರಡು ತಪ್ಪು ಉತ್ತರ, ಅವರ ಮಾತಿನಲ್ಲೇ, ತರಗತಿ ಕೈತಪ್ಪಿದ ನಿಮಿಷ ಯಾವುದು, ಯಾವ ಖಾಲಿ ಚೌಕದ ಮಗು ಇವತ್ತು ಮಾತಾಡಿತು. ಬಿಸಿಯೂಟ ಆದ ಮೇಲಿನ ಪೀರಿಯಡ್ಡಿನಲ್ಲಿ ಕೈತಪ್ಪುವ ನಿಮಿಷ ಹೆಚ್ಚಾಗಿ ಹನ್ನೆರಡು, ಹದಿಮೂರನೆಯದು ಎಂದು ಮೂರನೇ ವಾರದ ಹೊತ್ತಿಗೆ ಪುಸ್ತಕವೇ ಹೇಳತೊಡಗುತ್ತದೆ. ಅಲ್ಲಿ ಅಳೆಯುವ ಕೆಲಸವನ್ನೋ ಹುರಿಯನ್ನೋ ಇಡಬಹುದು.

ಹದಿನಾರು ವಾರ ಮುಗಿದು ತರಗತಿಯನ್ನು ಮಾರ್ಗದರ್ಶಿ ಶಿಕ್ಷಕರಿಗೆ ಒಪ್ಪಿಸುವ ದಿನ ಚಾಕೊಲೇಟು, ಆಟೊಗ್ರಾಫು, ಫೋಟೊಗಳ ನಡುವೆ ಒಂದು ಹಾಳೆ ಮರೆಯದೆ ಕೊಡಬೇಕು: ಯಾವ ಪಾಠ ಎಲ್ಲಿಯವರೆಗೆ ಆಯಿತು, ಯಾವುದು ಸರಿಯಾಗಿ ಆಗಲಿಲ್ಲ, ‘ಊಹೆ’ ಎಂದು ಬರೆಸಿದ್ದು ಯಾವುದು, ಅಂಕಗಳ ಪಟ್ಟಿ. ಹುರಿಯನ್ನು ಬಿಚ್ಚಬೇಡಿ, ಗೋಡೆಯ ಮೇಲೇ ಇರಲಿ. ಕ್ಲಿಪ್ಪುಗಳ ಲೆಕ್ಕ ಮಾತ್ರ ಇಟ್ಟುಕೊಳ್ಳಬೇಡಿ. ಇಪ್ಪತ್ತರಲ್ಲಿ ಆರೇಳು ಆಗಲೇ ಯಾರದೋ ಮನೆಯ ಬಟ್ಟೆ ಹಗ್ಗದ ಮೇಲಿರುತ್ತವೆ.